ವೇದಿಕೆಯ ಹಿಂದಿನ ಖೋಲಿ

ಯುಗಾದಿ ಕಳೆದ ಮೂರನೆಯ ದಿನ ಮುದಕವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಹುಬ್ಬಳ್ಳಿಯ ಡಾಕ್ಟರು ಎಕ್ಸರೇ ನೋಡಿ, ಎಂಬತ್ತೆರಡರ ಎಲುಬಿಗೆ ಸಲಾಕೆ ಹಾಕಿದರೂ ಹಿಡಿಯುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಇದ್ದಷ್ಟು ದಿನ ನೋಡಿಕೊಳ್ಳಿ ಎಂದು ಕಳಿಸಿಬಿಟ್ಟರು. ಮನೆ ಎಂದರೆ ಹಾನಗಲ್ಲಿನ ಅಕ್ಕಿಆಲೂರ ರಸ್ತೆಯಲ್ಲಿರುವ ಸಭಾಭವನದ ವೇದಿಕೆಯ ಹಿಂದಿನ ಒಂದೇ ಖೋಲಿ. ಅದರ ಮುಂದೆ ತಗಡು ಹೊದಿಸಿದ ಒಂದು ಪಡಸಾಲೆ, ಅಲ್ಲೇ ಅಡಿಗೆ. ಮುದಕವ್ವನ ಹಿರಿಯ ಮಗ ಗುದ್ಲೆಪ್ಪ ಹನ್ನೊಂದು ವರ್ಷದಿಂದ ಆ ಭವನದ ಕಾವಲುಗಾರ. ನೀರು ಏರಿಸುವುದು, ಕುರ್ಚಿ ಹಾಕುವುದು, ಜನರೇಟರ್ ಚಾಲೂ ಮಾಡುವುದು, ಕಾರ್ಯಕ್ರಮ ಮುಗಿದ ಮೇಲೆ ಕಸ ಹೊಡೆಸುವುದು ಅವನ ಕೆಲಸ. ಅವನ ಹೆಂಡತಿ ಶಾರವ್ವನ ಸುಪರ್ದಿಗೆ ಪಾತ್ರೆಗಳ ಖೋಲಿ. ಮದುವೆಯಾಗಲಿ, ಬಸುರಿಯ ಕುಬಸವಾಗಲಿ, ಮಾಸ್ತರರ ನಿವೃತ್ತಿ ಸಮಾರಂಭವಾಗಲಿ, ಬಾಡಿಗೆಗೆ ಹಿಡಿದವರಿಗೆ ಕೊಪ್ಪರಿಗೆ, ಬೋಗುಣಿ, ಝಾರಿ ಎಣಿಸಿ ಕೊಟ್ಟು, ಎಣಿಸಿ ಒಳಗಿಟ್ಟುಕೊಳ್ಳಬೇಕು. ಇದಕ್ಕೆಲ್ಲ ಸೇರಿ ಗಂಡನಿಗೆ ತಿಂಗಳಿಗೆ ಒಂಬತ್ತು ಸಾವಿರ ಪಗಾರ, ಇರಲು ಆ ಖೋಲಿ. ಶಾರವ್ವನ ಹೆಸರಿಗೆ ಏನೂ ಇರಲಿಲ್ಲ.

ಆ ಒಂದು ಖೋಲಿಯಲ್ಲಿ ಮುದಕವ್ವನ ಮಂಚ ಹಾಕಿದ ಮೇಲೆ ಉಳಿದವರಿಗೆ ಕಾಲು ಚಾಚಲು ಜಾಗ ಉಳಿಯಲಿಲ್ಲ. ಮಗಳು ಶೈಲಶ್ರೀ ಬಿ.ಕಾಂ. ಕಡೆಯ ವರ್ಷದಲ್ಲಿದ್ದಳು. ಅವಳ ಪುಸ್ತಕಗಳು ಪಾತ್ರೆ ಖೋಲಿಯ ಮೂಲೆಗೆ ಹೋದವು. ಮುದಕವ್ವನ ಸೊಂಟ ಹೋಗಿತ್ತೇ ಹೊರತು ಬಾಯಿ ಹೋಗಿರಲಿಲ್ಲ. ಗಂಜಿಯಲ್ಲಿ ಉಪ್ಪಿಲ್ಲ, ಚಾದರ ಹೊಲಸಾಗಿದೆ, ಸೊಸೆ ಕೈ ಬಿರುಸು, ಮೊಮ್ಮಗಳಿಗೆ ಕಣ್ಣಿಲ್ಲ, ಹೀಗೆ ಬೆಳಿಗ್ಗೆ ಶುರುವಾದದ್ದು ದೀಪ ಹಚ್ಚುವವರೆಗೆ ನಡೆಯುತ್ತಿತ್ತು. ಶಾರವ್ವ ಅದಕ್ಕೆ ಉತ್ತರ ಕೊಡುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಎತ್ತಿ ಕೂರಿಸುವಳು, ಒರೆಸುವಳು, ಮಗ್ಗಲು ಹೊಳ್ಳಿಸುವಳು. ಮುಖ ಮಾತ್ರ ನೋಡುತ್ತಿರಲಿಲ್ಲ.

ಏಪ್ರಿಲ್ ಕೊನೆಯ ವಾರದಲ್ಲಿ ಬಟ್ಟೆ ಅಂಗಡಿಯವರೊಬ್ಬರ ಮೊಮ್ಮಗನ ತೊಟ್ಟಿಲ ಕಾರ್ಯಕ್ರಮವಿತ್ತು. ಮೈಕು ಬಂದ್ ಮಾಡಿಸಿ ಹೆಂಗಸರು ಜೋಗುಳ ಹಾಡುತ್ತಿದ್ದರು. ಒಂದು ನುಡಿ ಮುಗಿದು ಇನ್ನೊಂದು ಎತ್ತುವ ಹೊತ್ತಿಗೆ ವೇದಿಕೆಯ ಹಿಂದಿನ ಗೋಡೆಯ ಗವಾಕ್ಷಿಯಿಂದ ಮುದಕವ್ವನ ದನಿ ಸ್ಪಷ್ಟವಾಗಿ ಬಂತು: "ಏ ಶಾರಿ, ಎಲ್ಲಿ ಸತ್ತಿ? ಹಾಸಿಗ್ಯಾಗ ಆತು ಬಾ."

ಹುಡುಗಿಯರು ನಕ್ಕರು. ದೊಡ್ಡವರು ನಗಲಿಲ್ಲ. ಊಟದ ಹಾಲ್‌ನಲ್ಲಿ ಎಲೆ ಹಾಕಿಸುತ್ತಿದ್ದ ಶಾರವ್ವನಿಗೆ ಕರೆ ಕೇಳಿಸಿರಲಿಲ್ಲ. ಯಾರೋ ಓಡಿ ಬಂದು ಹೇಳಿದಾಗ ಅವಳ ಕಿವಿ ಬಿಸಿಯಾದವು.

ಮರುದಿನ ಬೆಳಿಗ್ಗೆ ಭವನದ ಕಮಿಟಿಯ ಕಾರ್ಯದರ್ಶಿ ಫಕ್ಕೀರಗೌಡರು ಹಿಂದಿನ ಬಾಗಿಲಿಗೇ ಬಂದರು. ಚಹಾ ಬೇಡವೆಂದರು. ಬಟ್ಟೆ ಅಂಗಡಿಯವರು ಡಿಪಾಜಿಟ್ ವಾಪಸ್ ಕೇಳಲು ಬಂದಾಗ ಏನೇನು ಅಂದರು ಎನ್ನುವುದನ್ನು ಹೇಳಿದರು. ಆಮೇಲೆ ಮೇ ಹನ್ನೆರಡರ ಮಾತು ತೆಗೆದರು. ಹಿರೇಕೆರೂರಿನ ಕಟ್ಟಿಗೆ ಅಡ್ಡೆಯವರ ಮಗಳ ಲಗ್ನ, ಬೀಗರು ಸವಣೂರಿನವರು, ಎರಡೂವರೆ ಸಾವಿರ ಜನ. ಈ ಸೀಜನ್ನಿನಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

"ಅಷ್ಟರಾಗ ನಿಮ್ಮವ್ವ ಇಲ್ಲಿ ಇರಬಾರ್ದು ಗುದ್ಲೆಪ್ಪ" ಎಂದರು. "ನಮ್ಮವರೊಳಗ ಸೂತಕ ಇಲ್ಲಂತ ಬಾಯಾಗ ಹೇಳ್ತೇವಿ. ಅಕ್ಷತಿ ಬೀಳು ಹೊತ್ತಿಗೆ ಗ್ವಾಡಿ ಆಚಿಗೆ ಹೆಣ ಬಿದ್ರ ಯಾವ ಬೀಗರು ಸುಮ್ಮಿರ್ತಾರ?"

ಗುದ್ಲೆಪ್ಪ ಹೂಂನ್ರಿ ಎಂದ. ಅವನು ಯಾರು ಏನಂದರೂ ಮೊದಲು ಹೂಂ ಎನ್ನುವವನು. ಒಳಗೆ ಮಂಚದ ಮೇಲೆ ಮುದಕವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಗೌಡರು ಹೋದ ಮೇಲೆ, ತಾನು ಸತ್ತರೆ ಈ ಹೊಸಲಿನಿಂದಲೇ ಹೊತ್ತುಕೊಂಡು ಹೋಗಬೇಕು, ಬೇರೆಲ್ಲೂ ಹೋಗುವುದಿಲ್ಲ ಎಂದು ಸಾರಿದಳು.

ಅವತ್ತು ಸಂಜೆ ಹಿಂದಿನ ದಿನದ ಕಾರ್ಯಕ್ರಮದಲ್ಲಿ ಉಳಿದಿದ್ದ ಅನ್ನ, ಸಾರನ್ನೇ ಕುದಿಸಿ ಊಟಕ್ಕೆ ಕೂತಿದ್ದರು. ಶೈಲಶ್ರೀಗೆ ಮಂದಿಯ ಕಾರ್ಯಕ್ರಮದ ಸಾರಿನ ವಾಸನೆಯೇ ಆಗುತ್ತಿರಲಿಲ್ಲ. ಬರೀ ಮಜ್ಜಿಗೆ ಕಲಸಿಕೊಂಡಳು. ಶಾರವ್ವ ಗಂಡನಿಗೆ ನೇರ ಹೇಳಿದಳು: ಮುದುಕಿ ಹಡೆದದ್ದು ಇಬ್ಬರು ಮಕ್ಕಳನ್ನು, ಇಪ್ಪತ್ತನಾಲ್ಕು ವರ್ಷದಿಂದ ಇಟ್ಟುಕೊಂಡದ್ದು ಒಬ್ಬನೇ. ಶಿಗ್ಗಾಂವಿಯಲ್ಲಿ ತಮ್ಮನಿಗೆ ಕಾಳಿನ ದಲಾಲಿ ಅಂಗಡಿಯಿದೆ, ಮೇಲೆ ಕೆಳಗೆ ಆರು ಖೋಲಿಗಳ ಮನೆಯಿದೆ. ಹಿರೇಬೆಂಡಿಗೇರಿಯ ಹಿರಿಯರ ಮನೆ ಮಾರಿದಾಗ ಬಂದದ್ದೆಲ್ಲ ಆ ಅಂಗಡಿಗೇ ಹೋಯಿತು. ಈಗ ಒಂದು ತಿಂಗಳು ಇಟ್ಟುಕೊಳ್ಳಲಿ.

ಗುದ್ಲೆಪ್ಪ, ತಮ್ಮನ ಹೆಂಡತಿ ಮಾಲಾಗ ಬಿ.ಪಿ. ಐತಿ, ಅವಳಿಗೆ ಆಗುವುದಿಲ್ಲ ಎಂದ. ಶಾರವ್ವ, ನನಗೇನು ಕಲ್ಲಿನ ಮೈಯೇ ಎಂದಳು. ಅವನು ದನಿ ಏರಿಸಿದ. ತಾಯಿಯನ್ನು ಹೊರಗೆ ಹಾಕಲು ನೀನು ದಾರಿ ನೋಡುತ್ತಿದ್ದೆ, ಗೌಡರು ನೆಪವಾದರು ಎಂದ.

ಶೈಲಶ್ರೀ ತಾಟು ಸರಿಸಿ ಎದ್ದಳು. "ಅಪ್ಪಾ, ನೀ ಕಮಿಟಿಯವ್ರಿಗೆ ಹೂಂ ಅಂತಿ, ಕಾಕಾಗ ಹೂಂ ಅಂತಿ. ಒದರೂದು ಅವ್ವನ ಮುಂದ ಮಾತ್ರ."

ಗುದ್ಲೆಪ್ಪ ಅರ್ಧಕ್ಕೆ ಕೈ ತೊಳೆದುಕೊಂಡು ಹೊರಗೆ ಹೋದ. ಮುದಕವ್ವ ಒಳಗಿನಿಂದ, ಮಗನ ಊಟ ಕೆಡಿಸಿದಿರಿ ಎಂದು ತಾಯಿ ಮಗಳಿಬ್ಬರನ್ನೂ ಬೈದಳು.

ಫೋನು ಮಾಡಿದವಳು ಶಾರವ್ವನೇ. ಮೈದುನ ಶಿವಯೋಗಿ ಮೊದಲು ಸಂತೆಯ ಗದ್ದಲದಲ್ಲಿ ಕೇಳಿಸುವುದಿಲ್ಲ ಎಂದ. ಎರಡನೆಯ ಸಲ, ಮನೆಗೆ ಬಣ್ಣ ಹಚ್ಚಿಸುತ್ತಿದ್ದೇನೆ ಎಂದ. ಮೂರನೆಯ ಸಲ ಮಾಲಾನೇ ಎತ್ತಿ, ಅಕ್ಕಾರ, ಅತ್ಯಾರಿಗೆ ನಿಮ್ಮ ಕೈ ರೂಢಿ ಆಗೇತಿ, ಇಲ್ಲಿ ಬಂದು ಕಷ್ಟಪಡ್ತಾರ ಎಂದು ಬಹಳ ಮೆತ್ತಗೆ ಹೇಳಿದಳು. ಶಾರವ್ವ, ರೂಢಿ ಮಾಡಿಕೊಂಡರೆ ನಿನ್ನ ಕೈಗೂ ಬರುತ್ತದೆ ಎಂದು ಇಟ್ಟುಬಿಟ್ಟಳು.

ಮೇ ಮೂರಕ್ಕೆ ಹೂವಿನ ಡೆಕೋರೇಶನ್ನಿನವರ ಟಾಟಾ ಏಸ್ ಶಿಗ್ಗಾಂವಿಗೆ ಖಾಲಿ ಹೋಗುವುದಿತ್ತು. ಡೀಸೆಲ್ ಖರ್ಚಿಗೆಂದು ಮುನ್ನೂರು ಕೊಟ್ಟು, ಹಿಂದೆ ಗಾದಿ ಹಾಸಿ, ಮುದಕವ್ವನನ್ನು ಚಾದರದ ಸಮೇತ ಎತ್ತಿ ಮಲಗಿಸಿದರು. ಗುದ್ಲೆಪ್ಪನಿಗೆ ಅವತ್ತು ಕುಬಸದ ಕಾರ್ಯಕ್ರಮವಿತ್ತು; ಅಥವಾ ತಮ್ಮನ ಮುಖ ನೋಡುವುದು ಅವನಿಗೆ ಬೇಡವಾಗಿತ್ತು. ಶಾರವ್ವನೇ ಅತ್ತೆಯ ತಲೆಯ ಕಡೆ ಕೂತಳು. ಬಂಕಾಪುರ ದಾಟುವವರೆಗೂ ಮುದಕವ್ವ ಒಂದು ಮಾತೂ ಆಡಲಿಲ್ಲ. ಆಮೇಲೆ, ದಾರಿಯ ಪ್ರತಿ ಕುಣಿಗೂ ಶಾರವ್ವನ ತವರಿನ ಹೆಸರು ಹಿಡಿದು ಒಂದೊಂದು ಬೈಗುಳ ಬಂತು.

ಶಿವಯೋಗಿಯ ಮನೆಯ ಮುಂದೆ ಗಾಡಿ ನಿಂತಾಗ ಮಾಲಾ ಕಟ್ಟೆಗೆ ಬಂದು, ಇಳಿಸಬ್ಯಾಡ್ರಿ, ಅವರು ಅಂಗಡಿಯಿಂದ ಬರಲಿ ಎಂದಳು. ಡ್ರೈವರ್‌ಗೆ ಅವಸರವಿತ್ತು. ಶಾರವ್ವ ಡ್ರೈವರ್‌ನನ್ನೂ ಪಕ್ಕದ ಮನೆಯವರನ್ನೂ ಕರೆದು ಅತ್ತೆಯನ್ನು ಕಟ್ಟೆಯ ಮೇಲೆ ಇಳಿಸಿಯೇಬಿಟ್ಟಳು. ನೆರೆಯವರನ್ನು ಕಂಡದ್ದೇ ಮುದಕವ್ವನಿಗೆ ದನಿ ಬಂತು. ಇಪ್ಪತ್ತನಾಲ್ಕು ವರ್ಷ ಉಣಿಸಿದ ಅನ್ನ ಎಣಿಸಿ ಎಣಿಸಿ ಕೊನೆಗೆ ಕಸದ ಗಾಡಿಯಲ್ಲಿ ಹೇರಿಕೊಂಡು ಬಂದು ಚೆಲ್ಲಿದಳು ನೋಡ್ರಿ ಎಂದು ಎದೆ ಬಡಿದುಕೊಂಡಳು. ಹೊಸ ಬಣ್ಣದ ಗೋಡೆಗೆ ಆತು ನಿಂತಿದ್ದ ಮಾಲಾ ನಾಚಿಕೆಯಿಂದ ಕೆಂಪಾದಳು.

"ಮನಿ ಮುಂದ ತಮಾಷೆ ಮಾಡಾಕ ತಂದೀರೇನು ಅಕ್ಕಾರ?"

"ನಿಮ್ಮತ್ತಿನ್ನ ತಂದೇನಿ" ಎಂದಳು ಶಾರವ್ವ. ಗುಳಿಗೆಯ ಚೀಲವನ್ನು ಕಟ್ಟೆಯ ಮೇಲಿಟ್ಟು, ಎರಡು ತಾಸಿಗೊಮ್ಮೆ ಮಗ್ಗಲು ಹೊಳ್ಳಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂದು ಎರಡು ಸಲ ಹೇಳಿದಳು. ನೀರೂ ಕುಡಿಯದೆ ಬಸ್‌ಸ್ಟ್ಯಾಂಡಿಗೆ ನಡೆದಳು.

ಮರುದಿನ ಖೋಲಿ ದೊಡ್ಡದಾಗಿ ಕಂಡಿತು. ಶಾರವ್ವ ಮಂಚ ಎತ್ತಿ ನಿಲ್ಲಿಸಿ, ಕೆಳಗೆ ಫಿನೈಲ್ ಹಾಕಿ ತಿಕ್ಕಿದಳು. ಆ ಜಾಗದಲ್ಲಿ ಶೈಲಶ್ರೀ ಭವನದ ಒಂದು ಮುರುಕು ಟೇಬಲ್ ತಂದು ಹಾಕಿಕೊಂಡು ಓದತೊಡಗಿದಳು. ಹಲವು ವರ್ಷಗಳ ಮೇಲೆ ಶಾರವ್ವ ಮುಂಜಾನೆ ಐದರವರೆಗೆ ಒಂದೇ ನಿದ್ದೆ ಮಾಡಿದಳು. ತನಗೆ ಕೆಡುಕೆನಿಸಬೇಕೆಂದು ಒಂದೆರಡು ಸಲ ಅನಿಸಿತು, ಕೆಡುಕೆನಿಸಲಿಲ್ಲ. ಪಾತ್ರೆ ತಿಕ್ಕಲು ಬರುವ ದಿಲ್ಶಾದ, ಏನಕ್ಕಾ ಮುಖಕ್ಕೆ ಕಳೆ ಬಂದೈತಿ ಎಂದಾಗ ಅವಳು ಸುಳ್ಳು ಹೇಳಲಿಲ್ಲ. ತನ್ನ ತಾಯಿ ರಟ್ಟೀಹಳ್ಳಿಯಲ್ಲಿ ಜೀವ ಬಿಡುತ್ತಿದ್ದಾಗ ಮೆಣಸಿನಕಾಯಿ ಬಿಡಿಸಲು ಆಳಿಲ್ಲವೆಂದು ಈ ಮುದುಕಿ ಮೂರು ದಿನ ಕಳಿಸಲಿಲ್ಲ. ತಾನು ಹೋಗಿ ಮುಟ್ಟುವುದರೊಳಗೆ ಮಣ್ಣು ಮುಚ್ಚಿದ್ದರು ಎಂದು ಪಾತ್ರೆ ತಿಕ್ಕುತ್ತಲೇ ಹೇಳಿದಳು. ದಿಲ್ಶಾದ ಬೂದಿ ಕೈ ಕೊಡವಿ, ಹಂಗಾದ್ರ ಅಲ್ಲೇ ಇರಲಿ ಬಿಡು ಎಂದಳು.

ಗುದ್ಲೆಪ್ಪ ಮಾತ್ರ ತಾಯಿಯ ಮಂಚವಿದ್ದ ಕಡೆ ನೋಡುತ್ತಿರಲಿಲ್ಲ. ದಿನವೂ ತಮ್ಮನಿಗೆ ಫೋನು ಮಾಡುವನು. ಅತ್ತಲಿಂದ, ಅದಾಳ, ಅದಾಳ ಎನ್ನುವ ಎರಡು ಮಾತು ಬರುತ್ತಿತ್ತು.

ಮೇ ಹನ್ನೊಂದರ ಮಧ್ಯಾಹ್ನ ಭವನದ ತುಂಬ ಜನ. ಚೆಂಡು ಹೂವಿನ ಮಾಲೆ ಇಳಿಬಿಡುತ್ತಿದ್ದರು. ಹೆಣ್ಣಿನವರ ಎರಡು ಬಸ್ಸು ಬಂದಿಳಿದಿದ್ದವು. ಅಡಿಗೆಯವರು ಬೂಂದಿ ಕರಿಯಲು ಒಲೆ ಹೊತ್ತಿಸಿದ್ದರು. ಶಾರವ್ವ ದಿಲ್ಶಾದಳ ಜೊತೆ ಪಾತ್ರೆ ಖೋಲಿಯಲ್ಲಿ ಎಣಿಸಿ ಕೊಡುತ್ತಿದ್ದಾಗ ಹಿಂದಿನ ಗೇಟಿಗೆ ಶಿವಯೋಗಿಯ ಕಾರು ಬಂದು ನಿಂತಿತು. ಅವನು ಇಳಿದು ಹಿಂದಿನ ಬಾಗಿಲು ತೆಗೆದ. ಮುದಕವ್ವ ಸೀಟಿನಲ್ಲಿ ಮುದ್ದೆಯಾಗಿ ಬಿದ್ದಿದ್ದಳು.

ಎಂಟು ದಿನದಲ್ಲಿ ಎರಡು ಸಲ ಸಹ ಸರಿಯಾಗಿ ಉಂಡಿಲ್ಲ, ದೊಡ್ಡವನನ್ನು ನೋಡಬೇಕೆಂದು ಒಂದೇ ಹಟ, ಮಾಲಾ ಸಿಟ್ಟಾಗಿ ತವರಿಗೆ ಹೋದಳು ಎಂದು ಅವನು ನಿಂತಲ್ಲೇ ಹೇಳಿದ. ಗುದ್ಲೆಪ್ಪ, ನಾಳೆ ಒಂದು ದಿನ ಕಳಿಲೋ ತಮ್ಮಾ ಎಂದು ಅಂಗಲಾಚಿದ.

"ನನಗೂ ಮಾರ್ಕೆಟ್ ಐತಿ ಅಣ್ಣಾ. ಸತ್ರ ನನ್ನ ಮ್ಯಾಲ ಬರ್ತೈತಿ" ಎಂದ ಶಿವಯೋಗಿ. "ವೈನಿಗೆ ಹೇಳು, ಕಟ್ಟೆ ಮ್ಯಾಲ ಚೆಲ್ಲಿ ಬರೂದು ಅವರಿಗೊಬ್ಬರಿಗೇ ಬರೂದಲ್ಲ."

ಇಬ್ಬರೂ ಸೇರಿ ತಾಯಿಯನ್ನು ಪಡಸಾಲೆಯಲ್ಲಿ ಇಳಿಸಿದರು. ಕಾರು ಹೋಯಿತು. ಶಾರವ್ವ ಬಂದು ಸೀರೆ ಸಡಿಲಿಸಿ ನೋಡಿದಳು. ಬೆನ್ನಿನ ಕೆಳಗೆ ಅಂಗೈಯಗಲ ಚರ್ಮ ಸುಲಿದು ಕೀವಾಗಿತ್ತು. ಎಂಟು ದಿನವೂ ಒಂದೇ ಮಗ್ಗಲು. ಅವಳು ಬಿಸಿನೀರಿಗಿಟ್ಟು, ಹತ್ತಿ ಹುಡುಕುತ್ತಿರುವಾಗ ಅಡಿಗೆಯವರು ಕೊಪ್ಪರಿಗೆಗೆ ಕೂಗಿದರು. ಒಂದು ಗಳಿಗೆ ಎಂದು ಹೋದಳು.

ಆ ಗಳಿಗೆಯಲ್ಲೇ ಫಕ್ಕೀರಗೌಡರು ಬಂದರು. ಹೆಣ್ಣಿನ ಸೋದರಮಾವ ಅವರ ಹಿಂದೆಯೇ ಇದ್ದ. ಹಿಂದಿನ ಗೇಟಿನಲ್ಲಿ ಏನೋ ಇಳಿಸಿದ್ದನ್ನು ಅವನು ಕಂಡಿದ್ದ. ಗೌಡರು ಗುದ್ಲೆಪ್ಪನಿಗೆ ಎರಡೇ ಮಾತು ಹೇಳಿದರು: ಒಂದೋ ಮುದುಕಿ ಈ ಕಂಪೌಂಡಿನಲ್ಲಿ ಕಾಣಬಾರದು, ಇಲ್ಲವೋ ನಾಳಿದ್ದು ನೀವು ಕಾಣಬಾರದು.

ಶಾರವ್ವ ತಿರುಗಿ ಬಂದಾಗ ಪಡಸಾಲೆಯಲ್ಲಿ ಅತ್ತೆ ಇರಲಿಲ್ಲ. ಶೈಲಶ್ರೀ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು. ಜನರೇಟರ್ ಖೋಲಿಯ ಕಡೆ ಕೈ ತೋರಿಸಿದಳು.

ಆ ಖೋಲಿಗೆ ಕಿಟಕಿಯಿಲ್ಲ. ಒಂದು ಮೂಲೆಗೆ ಡೀಸೆಲ್ ಡಬ್ಬಿಗಳು, ನೆಲವೆಲ್ಲ ಎಣ್ಣೆಯ ಜಿಡ್ಡು. ಯಂತ್ರದ ಪಕ್ಕದ ಮೂರಡಿ ಜಾಗದಲ್ಲಿ ಗಾದಿ ಹಾಸಿ ಮುದಕವ್ವನನ್ನು ಮಲಗಿಸಲಾಗಿತ್ತು. ಕೂಗಬಾರದೆಂದು ಮಗ ಕೈಮುಗಿದು ಹೇಳಿದ್ದನಂತೆ. ಅವಳು ಬಾಯಲ್ಲಿ ಸೆರಗು ತುರುಕಿಕೊಂಡಿದ್ದಳು. ಗುದ್ಲೆಪ್ಪ ಬಾಗಿಲಲ್ಲಿ ನಿಂತಿದ್ದ.

"ಕರೆಂಟ್ ಹೋದ್ರ?" ಎಂದಳು ಶಾರವ್ವ.

"ಹೋಗೂದಿಲ್ಲ. ಹೆಸ್ಕಾಂನವರಿಗೆ ಹೇಳೇತಿ."

"ಹೋದ್ರ ಇದನ್ನ ಚಾಲೂ ಮಾಡವರು ಯಾರು?"

ಚಾಲೂ ಮಾಡುವವನು ಅವನೇ.

ಶಾರವ್ವ ಕೂಗಾಡಲಿಲ್ಲ. ದಿಲ್ಶಾದಳನ್ನು ಕರೆದಳು. ಗಾದಿಯ ತಲೆಯ ಕಡೆ ತಾನು ಹಿಡಿದು, ಕಾಲ ಕಡೆ ದಿಲ್ಶಾದ, ನಡುವೆ ಶೈಲಶ್ರೀ. ಮೂವರು ಹೆಂಗಸರು ಮುದುಕಿಯನ್ನು ಎತ್ತಿಕೊಂಡು, ಬೂಂದಿ ಕರಿಯುವವರು ನೋಡುತ್ತಿರುವಂತೆ ಅಂಗಳ ದಾಟಿ ಖೋಲಿಗೆ ತಂದರು. ಮಂಚ ಇಳಿಸಿ ಹಾಕಿದರು. ಶೈಲಶ್ರೀಯ ಟೇಬಲ್ ಹೊರಗೆ ಹೋಯಿತು. ಶಾರವ್ವ ಪಾತ್ರೆ ಖೋಲಿಯ ಕೀಲಿ ಗೊಂಚಲನ್ನು ಸೊಂಟದಿಂದ ಬಿಚ್ಚಿ ಗಂಡನ ಕೈಗಿಟ್ಟಳು.

ಫಕ್ಕೀರಗೌಡರು ಹತ್ತೇ ನಿಮಿಷದಲ್ಲಿ ಬಂದರು. ಮುಖ ಗಂಟಿಕ್ಕಿತ್ತು. "ನೋಡವಾ ಶಾರವ್ವ, ನಿನ್ನ ಗಂಡಗ ಹೇಳಿ ಆಗೇತಿ."

"ಹೇಳಿದ್ದು ಕೇಳೇನ್ರಿ. ನಾಳಿದ್ದು ಬಿಡು ಅಂದ್ರ ಬಿಡ್ತೇವಿ. ನಾಳಿಗಿ ಇಕಿ ಇಲ್ಲೇ ಇರ್ತಾಳ."

ಸೋದರಮಾವ ಮುಂದೆ ಬಂದು, ನಾವು ದುಡ್ಡು ಕೊಟ್ಟು ಹಿಡಿದದ್ದು ಮದುವೆಗೆ, ದವಾಖಾನೆಗಲ್ಲ ಎಂದ. ಕಡೇಪಕ್ಷ ಅಕ್ಷತೆ ಬೀಳುವವರೆಗೆ ಏನೂ ಆಗುವುದಿಲ್ಲವೆಂದು ಖಾತ್ರಿ ಕೊಡಿ ಎಂದ.

"ಸಾಯೂದಿಲ್ಲಂತ ನಾ ಹ್ಯಾಂಗ ಬರದು ಕೊಡ್ಲಿ ಸಾಹೇಬ್ರ? ನಿಮ್ಮದ ಬರದು ಕೊಡ್ತೀರೇನು?"

ಗೌಡರು ಸೋದರಮಾವನ ಭುಜ ಹಿಡಿದು ಕರೆದುಕೊಂಡು ಹೋದರು. ಗಲಾಟೆ ಆದರೆ ಬೀಗರ ಕಿವಿಗೆ ಬೀಳುತ್ತದೆ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಹನ್ನೆರಡರಂದು ಶಾರವ್ವ ಖೋಲಿ ಬಿಟ್ಟು ಹೊರಗೆ ಬರಲಿಲ್ಲ. ಪಾತ್ರೆಗಳ ಲೆಕ್ಕ ತಪ್ಪಿ, ಮೊದಲ ಪಂಕ್ತಿ ಒಂದು ತಾಸು ತಡವಾಯಿತು. ಗುದ್ಲೆಪ್ಪ ಒಬ್ಬನೇ ನೀರು, ಕುರ್ಚಿ, ಪಾತ್ರೆ ಎಂದು ಓಡಾಡಿ ಬೈಸಿಕೊಂಡ. ಗೋಡೆಯ ಆಚೆ ಬ್ಯಾಂಡು, ಮಂತ್ರ, ಮೈಕು. ಈಚೆ ಶಾರವ್ವ ಎರಡು ತಾಸಿಗೊಮ್ಮೆ ಹುಣ್ಣು ತೊಳೆದು ಮುಲಾಮು ಹಚ್ಚಿ ಮಗ್ಗಲು ಹೊಳ್ಳಿಸಿದಳು. ಮುದಕವ್ವ ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ಅದು ಹೆದರಿಕೆಯೋ ಸುಸ್ತೋ ಸೊಸೆಗೆ ತಿಳಿಯಲಿಲ್ಲ.

ಇಬ್ಬರೇ ಇಷ್ಟು ಹೊತ್ತು ಎದುರುಬದುರು ಇದ್ದದ್ದು ಅದೇ ಮೊದಲು. ಶಾರವ್ವನ ಬಾಯಿಂದ ತಾನಾಗಿಯೇ ಮಾತು ಬಂತು.

"ನಮ್ಮವ್ವ ಸಾಯುಮುಂದ ನೀವು ನನ್ನ ಕಳಸಲಿಲ್ಲ."

ಮುದಕವ್ವ ಕಣ್ಣು ತೆರೆದಳು. ಸೊಸೆಯ ಮುಖ ನೋಡಿದಳು.

"ಮೆಣಸಿನಕಾಯಿ ಬಿಡಸಾಕ ಆಳು ಸಿಕ್ಕಿದ್ದಿಲ್ಲ" ಎಂದಳು. "ಈಗ ಆ ಮಾತ್ಯಾಕ? ಮಗ್ಗಲ ನೋಯಾಕತ್ತೇತಿ, ಹೊಳ್ಳಿಸು" ಎಂದಳು.

ಶಾರವ್ವ ಎದ್ದು ಹೊಳ್ಳಿಸಿದಳು. ಮೊದಲಿನಷ್ಟೇ ಬಿರುಸಾಗಿ.

ಅಕ್ಷತೆ ಬಿತ್ತು. ಯಾರೂ ಸಾಯಲಿಲ್ಲ. ಎರಡನೆಯ ಪಂಕ್ತಿ ಎದ್ದ ಮೇಲೆ ದಿಲ್ಶಾದ ಕಾಗದದ ತಾಟಿನಲ್ಲಿ ಎರಡು ಹೋಳಿಗೆ ತಂದಳು. ಮುದಕವ್ವ ಅರ್ಧ ತಿಂದು, ಸಕ್ಕರೆ ಹಾಕ್ಯಾರ, ಬೆಲ್ಲ ಇಲ್ಲ, ಇದೂ ಒಂದು ಲಗ್ನ ಎಂದು ಮುಖ ಆಚೆ ಮಾಡಿದಳು.

ಮರುದಿನ ಕಮಿಟಿಯ ಕಾಗದ ಬಂತು. ಹದಿನೈದು ದಿನದಲ್ಲಿ ಖೋಲಿ ಖಾಲಿ ಮಾಡಬೇಕು. ಗುದ್ಲೆಪ್ಪ ಕಾಗದವನ್ನು ಹೆಂಡತಿಯ ಮುಂದೆ ಒಗೆದು, ಹನ್ನೊಂದು ವರ್ಷದ ಅನ್ನವನ್ನು ಒಂದು ದಿನದ ಸೊಕ್ಕಿಗೆ ಕಳೆದೆ ಎಂದ. ಅವಳು, ನಿಮ್ಮವ್ವನ್ನ ಎಣ್ಣೆಯಲ್ಲಿ ಮಲಗಿಸಿ ಉಳಿಸಿಕೊಳ್ಳುವ ಅನ್ನ ನಿಮಗೇ ಇರಲಿ ಎಂದಳು. ಅಂದಿನಿಂದ ಅವರಿಬ್ಬರ ನಡುವಿನ ಮಾತೆಲ್ಲ ಶೈಲಶ್ರೀಯ ಮುಖಾಂತರವೇ ನಡೆಯಿತು. ಅವ್ವಗ ಹೇಳು, ಅಪ್ಪಗ ಹೇಳು ಎನ್ನುವುದರಲ್ಲಿ ಹುಡುಗಿ ಪರೀಕ್ಷೆ ಬರೆದು ಮುಗಿಸಿದಳು.

ದಿಲ್ಶಾದ ತನ್ನ ಓಣಿಯಲ್ಲೇ ಎರಡು ಖೋಲಿಯ ಹಂಚಿನ ಮನೆ ಹುಡುಕಿಕೊಟ್ಟಳು. ಬಾಡಿಗೆ ಎರಡು ಸಾವಿರ. ಗುದ್ಲೆಪ್ಪನಿಗೆ ಗೊಬ್ಬರದ ಗೋದಾಮಿನಲ್ಲಿ ಕಾವಲು ಸಿಕ್ಕಿತು, ಪಗಾರ ಮೊದಲಿಗಿಂತ ಕಡಿಮೆ. ಶಾರವ್ವ ನಾಲ್ಕು ಮನೆಗಳಿಗೆ ರೊಟ್ಟಿ ಬಡಿದುಕೊಡಲು ಒಪ್ಪಿಕೊಂಡಳು; ಈ ಸಲ ದುಡ್ಡು ಅವಳ ಕೈಗೇ ಬಂತು. ಮುದಕವ್ವನಿಗೆ ಕಿಟಕಿಯ ಪಕ್ಕ ಮಂಚ. ಓಣಿಯಲ್ಲಿ ಹೋಗಿಬರುವವರನ್ನೆಲ್ಲ ಕರೆದು, ದೊಡ್ಡ ಹಾಲ್‌ನಲ್ಲಿದ್ದವರನ್ನು ಸೊಸೆ ಈ ಗುಡಿಸಲಿಗೆ ತಂದಳು ಎಂದು ಹೇಳುವುದು ಅವಳ ದಿನದ ಕೆಲಸವಾಯಿತು. ಶಿವಯೋಗಿ ಒಂದು ಸಲವೂ ಬರಲಿಲ್ಲ.

ಕಾರ ಹುಣ್ಣಿಮೆ ಮುಗಿದ ವಾರಕ್ಕೆ, ಯಾವ ಮುಹೂರ್ತವೂ ಇಲ್ಲದ ಒಂದು ಬುಧವಾರ ಬೆಳಿಗ್ಗೆ ಶಾರವ್ವ ಹದಿನಾಲ್ಕನೆಯ ರೊಟ್ಟಿಯನ್ನು ಹಂಚಿಗೆ ಹಾಕುತ್ತಿದ್ದಾಗ ಮುದಕವ್ವ ಕರೆಯುವುದನ್ನು ನಿಲ್ಲಿಸಿದಳು. ಶಾರವ್ವನಿಗೆ ಅದು ತಿಳಿದದ್ದು ರೊಟ್ಟಿ ಹೊತ್ತಿದ ಮೇಲೆ. ಹೋಗಿ ನೋಡಿ, ರೆಪ್ಪೆ ಮುಚ್ಚಿ, ಹೊರಗೆ ಬಂದು ಒಲೆ ಆರಿಸಿದಳು. ಅಳು ಬರಲಿಲ್ಲ. ಹುಣ್ಣು ಮಾತ್ರ ಪೂರ್ತಿ ಮಾಯ್ದಿರಲಿಲ್ಲ ಎನ್ನುವುದು ದಿನವೆಲ್ಲ ಮನಸ್ಸಿಗೆ ಬರುತ್ತಿತ್ತು.

ಶಿವಯೋಗಿ ಕಾರಿನಿಂದ ಇಳಿಯುತ್ತಲೇ ದೊಡ್ಡ ದನಿ ತೆಗೆದು ಅತ್ತ. ಮಾಲಾ ಓಣಿಯ ಹೆಂಗಸರ ಕೊರಳಿಗೆ ಬಿದ್ದಳು. ಮಣ್ಣು ಮಾಡಿ ಬಂದ ಸಂಜೆ, ಹನ್ನೊಂದನೆಯ ದಿನದ ಶಿವಗಣಾರಾಧನೆಯ ಮಾತು ಬಂತು. ಈ ಓಣಿಯಲ್ಲಿ ನೂರು ಜನ ಕೂರುವುದಿಲ್ಲ, ತನ್ನ ವ್ಯಾಪಾರದ ಮಂದಿಯೇ ಮುನ್ನೂರು ಆಗುತ್ತದೆ, ಆದ್ದರಿಂದ ಸಭಾಭವನ ಹಿಡಿದಿದ್ದೇನೆ ಎಂದ ಶಿವಯೋಗಿ. ಫಕ್ಕೀರಗೌಡರಿಗೆ ಫೋನು ಮಾಡಿಯೂ ಆಗಿತ್ತು. ಅವರು ಪಾಪ, ಹಳೇ ಮನುಷ್ಯಾರು ಅಂತ ಅರ್ಧ ಬಾಡಿಗೆ ಬಿಟ್ಟಾರ ಎಂದ.

ಪಡಸಾಲೆಯಲ್ಲಿದ್ದವರೆಲ್ಲ ಶಾರವ್ವನ ಕಡೆ ನೋಡಿದರು. ಅವಳು ಹೆಣದ ಕೆಳಗಿದ್ದ ಗಾದಿಯನ್ನು ಬಿಚ್ಚಿ ಹತ್ತಿ ಬೇರೆ ಮಾಡುತ್ತಿದ್ದಳು.

"ಉಸುರು ಇದ್ದಾಗ ಅಲ್ಲಿ ಮಲಗಾಕ ಜಾಗ ಇದ್ದಿಲ್ಲ" ಎಂದಳು. "ಈಗ ಫೋಟೋಕ್ಕ ಜಾಗ ಆತೇನು? ನಾನೂ ನನ್ನ ಮಗಳೂ ಬರೂದಿಲ್ಲ."

ಸತ್ತವರ ಮುಂದೆ ಹಳೆಯದನ್ನು ಕೆದಕಬಾರದು ಎಂದು ಮಾಲಾ ಅಂದಳು. ಹಿರಿಯ ಸೊಸೆ ಬರದಿದ್ದರೆ ನಾಲ್ಕು ಮಂದಿ ಏನೆನ್ನುತ್ತಾರೆ ಎಂದು ಶಿವಯೋಗಿ ಅಣ್ಣನನ್ನು ಕೇಳಿದ. ಗುದ್ಲೆಪ್ಪ ಹೂಂ ಎಂದ. ಯಾವುದಕ್ಕೆ ಹೂಂ ಎಂದನೋ ಯಾರಿಗೂ ತಿಳಿಯಲಿಲ್ಲ.

ಹನ್ನೊಂದನೆಯ ದಿನ ಗುದ್ಲೆಪ್ಪ ಬಿಳಿ ಧೋತರ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಬೆಳಿಗ್ಗೆಯೇ ಭವನಕ್ಕೆ ಹೋದ. ಶಾರವ್ವ ಮನೆಯಲ್ಲಿ ಒಬ್ಬ ಜಂಗಮರನ್ನು ಕರೆಸಿ, ಕಿಟಕಿಯ ಪಕ್ಕ ಒಂದು ದೀಪ ಹಚ್ಚಿ, ಬೆಲ್ಲದ ಹೋಳಿಗೆ ಮಾಡಿ ಎಡೆ ಇಟ್ಟಳು. ದಿಲ್ಶಾದಳಿಗೂ ಅಕ್ಕಪಕ್ಕದ ನಾಲ್ಕು ಮಂದಿಗೂ ಉಣ್ಣಲಿಕ್ಕೆ ಬಡಿಸಿದಳು. ಮಧ್ಯಾಹ್ನದ ಹೊತ್ತಿಗೆ ಮನೆ ಖಾಲಿಯಾಯಿತು. ಅವಳೂ ಶೈಲಶ್ರೀಯೂ ಬಿತ್ತನೆಯ ಶೇಂಗಾ ಒಡೆಯಲು ಕೂತರು. ಮಣಕ್ಕೆ ಇಷ್ಟು ಎಂದು ಅಂಗಡಿಯವರು ಕೊಟ್ಟು ಹೋಗಿದ್ದರು.

ಮೂರರ ಸುಮಾರಿಗೆ ಗುದ್ಲೆಪ್ಪ ಬಂದ. ಧೋತರ ಮೊಣಕಾಲವರೆಗೆ ಒದ್ದೆ, ಮೈಯೆಲ್ಲ ಪಾಚಿಯ ಹಸಿರು ಕಲೆ. ಹೊಸಲಿನ ಒಳಗೆ ಗೋಡೆಗೆ ಆತು ಕೂತ. ಯಾರೂ ಕೇಳದಿದ್ದರೂ ತಾನೇ ಹೇಳತೊಡಗಿದ. ಮೊದಲ ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ನೀರು ನಿಂತಿತು. ಹೊಸ ಕಾವಲುಗಾರನಿಗೆ ಮೇಲಿನ ಟಾಕಿಯ ವಾಲ್ವ್ ಯಾವುದೆಂದು ಗೊತ್ತಿರಲಿಲ್ಲ. ಸ್ವಾಮಿಗಳು ಆಶೀರ್ವಚನ ಮಾಡುತ್ತಿದ್ದರು, ಶಿವಯೋಗಿ ಅವರ ಮಗ್ಗುಲಲ್ಲಿ ಅವ್ವನ ಫೋಟೊದ ಮುಂದೆ ಕೂತಿದ್ದ. ಫಕ್ಕೀರಗೌಡರು ಸಭೆಯ ನಡುವಿನಿಂದ ಕೈ ಮಾಡಿ ಕರೆದರು.

"ಗುದ್ಲ್ಯಾ, ನಿನಗ ಗೊತ್ತೈತಿ, ಸ್ವಲ್ಪ ಏರಿ ನೋಡು ಅಂದ್ರು."

"ಏರಿದ್ರೇನು?" ಎಂದಳು ಶಾರವ್ವ. ತಿಂಗಳೊಪ್ಪತ್ತಿನ ಮೇಲೆ ಅವಳು ಗಂಡನಿಗೆ ನೇರ ಆಡಿದ ಮೊದಲ ಮಾತು ಅದು.

"ಹೂಂ." ಅವನು ಅಂಗೈ ನೋಡಿಕೊಂಡ. "ಇಳಿಯೂದರಾಗ ಪೂಜಿ ಮುಗದಿತ್ತು. ಆಮ್ಯಾಲ ಕೈ ತೊಳಿಯೂ ನಳದಾಗೂ ನೀರು ಬರಲಿಲ್ಲ, ಅದನ್ನೂ ನೋಡು ಅಂದ್ರು. ಊಟಕ್ಕ ಕುಂದ್ರು ಅಂತ ಯಾರೂ ಅನ್ನಲಿಲ್ಲ."

ಶೈಲಶ್ರೀ ಏನೋ ಹೇಳಲು ಬಾಯಿ ತೆರೆದಳು. ಶಾರವ್ವ ಕಣ್ಣಲ್ಲೇ ತಡೆದಳು. ಒಡೆದ ಕಾಳುಗಳನ್ನು ಒಂದು ಕಡೆ ಸರಿಸಿ, ಸಿಪ್ಪೆಯನ್ನು ಇನ್ನೊಂದು ಕಡೆ ದೂಡಿ, ಮತ್ತೊಂದು ಹಿಡಿ ಕಾಯಿಗಳನ್ನು ಮುಂದೆ ಎಳೆದುಕೊಂಡಳು.

"ಬುಟ್ಟ್ಯಾಗ ರೊಟ್ಟಿ ಅದಾವ. ತಗೊಂಡು ಉಣ್ರಿ."

ಗುದ್ಲೆಪ್ಪ ಸ್ವಲ್ಪ ಹೊತ್ತು ಕಾದ. ಹೆಂಡತಿಯೂ ಏಳಲಿಲ್ಲ, ಮಗಳೂ ಏಳಲಿಲ್ಲ. ಅವನು ಒದ್ದೆ ಧೋತರ ಹಿಂಡಿಕೊಂಡು ಎದ್ದು, ಮದುವೆಯಾದ ಮೇಲೆ ಮೊದಲ ಸಲ ತಾಟು ಎಲ್ಲಿಡುತ್ತಾರೆಂದು ಹುಡುಕತೊಡಗಿದ.